ಗುಡ್ಡದ ಮೇಲೆ ಬಿಟ್ಟುಬಂದ ಮೂವತ್ತೆಂಟು ಜಿಂಕೆಗಳ ಕುರಿತು

ಮಾನ್ಯ ಜಿಂಕೆ ನಿಯಂತ್ರಣಾಧಿಕಾರಿಗಳೇ,

ಕಳೆದ ಜನವರಿಯಲ್ಲಿ ನಿಮ್ಮ ಕಚೇರಿಯ ಆದೇಶದಂತೆ ನಮ್ಮ ಆರ್ವಿ ಕಣಿವೆಯ ಮೇಲಿನ ಗುಡ್ಡದಲ್ಲಿ ಮೂವತ್ತೆಂಟು ಹೆಣ್ಣು ಜಿಂಕೆಗಳನ್ನು ಕೊಲ್ಲಲಾಯಿತು. ನಿಮ್ಮದೇ ಕಚೇರಿಯ ಇನ್ನೊಂದು ಆದೇಶದಂತೆ ಅವನ್ನು ಅಲ್ಲೇ ಕೊಳೆಯಲು ಬಿಡಲಾಯಿತು. ಎರಡು ಆದೇಶಗಳೂ ಒಂದೇ ಲಕೋಟೆಯಲ್ಲಿ ಬಂದವು. ಎರಡರ ಕೆಳಗೂ ಒಂದೇ ಸಹಿ ಇತ್ತು. ಆ ಸಹಿ ನಿಮ್ಮದಾದ್ದರಿಂದ ಈ ಪತ್ರವೂ ನಿಮಗೇ.

ನೀವು ಮೊದಲೇ ತಪ್ಪು ತಿಳಿಯಬಾರದೆಂದು ಒಂದು ಮಾತು ಹೇಳುತ್ತೇನೆ. ಜಿಂಕೆಗಳನ್ನು ಕೊಲ್ಲಬಾರದು ಎಂದು ನಿಮಗೆ ಬಣ್ಣದ ಕಾರ್ಡುಗಳಲ್ಲಿ ಬರೆಯುವ ಪಟ್ಟಣದವರ ಪೈಕಿ ನಾನಲ್ಲ. ಅವರಲ್ಲಿ ಕೆಲವರು ನನ್ನ ಗಂಡನಿಗೂ ಬರೆದಿದ್ದರು, ಕೊಲೆಗಾರ ಎಂದು. ಅವರು ಹೋದ ವರ್ಷ ಮಾರ್ಚಿನಲ್ಲಿ ಇಲ್ಲಿಗೆ ಬರಬೇಕಿತ್ತು. ಹಿಮ ಕರಗದೆ, ತಿನ್ನಲು ಏನೂ ಉಳಿಯದೆ, ಹನ್ನೊಂದು ಜಿಂಕೆಗಳು ಚರ್ಚಿನ ಗೋಡೆಯ ಮರೆಗೆ ಬಂದು ಒಂದಕ್ಕೊಂದು ಒತ್ತಿಕೊಂಡು ಸತ್ತಿದ್ದವು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ತೋಳಗಳು ಸ್ಕಾಟ್ಲೆಂಡಿನಿಂದ ಹೋಗಿ ಎಷ್ಟು ತಲೆಮಾರು ಆಯಿತೋ ನನಗೆ ಗೊತ್ತಿಲ್ಲ. ಅವುಗಳ ಕೆಲಸವನ್ನು ಯಾರಾದರೂ ಮಾಡಬೇಕು ಎಂಬುದು ಗೊತ್ತು. ಹೊಳೆದಂಡೆಯಲ್ಲಿ ಮೊಳಕಾಲೆತ್ತರಕ್ಕಿಂತ ದೊಡ್ಡ ಬರ್ಚ್ ಸಸಿ ಒಂದೂ ಇಲ್ಲ, ಮೇಲೆ ಬಂದದ್ದನ್ನೆಲ್ಲ ಜಿಂಕೆಗಳು ತಿಂದಿವೆ. ಆದ್ದರಿಂದ ಕೊಲ್ಲಬೇಕು. ಕೊಂದದ್ದನ್ನು ತಿನ್ನಬೇಕು. ಈ ಎರಡನೆಯ ವಾಕ್ಯ ನಿಮ್ಮ ಆದೇಶದಲ್ಲಿ ಎಲ್ಲಿ ಬಿಟ್ಟುಹೋಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನ ಗಂಡ ಫರ್ಕರ್ ಮೂವತ್ತೊಂದು ವರ್ಷ ಈ ಗುಡ್ಡಗಳ ಒಡೆತನದ ಎಸ್ಟೇಟಿನ ಸಂಬಳದ ಬೇಟೆಗಾರ. ಗುಂಡು ಹಾರಿಸುವುದು ಅವನ ಕೆಲಸದ ಅತಿ ಚಿಕ್ಕ ಭಾಗ. ಬಿದ್ದ ಜಿಂಕೆಯ ಹೊಟ್ಟೆಯನ್ನು ಅಲ್ಲೇ ಸೀಳಿ ಕರುಳು ತೆಗೆಯುವುದು, ಕುದುರೆಯ ಮೇಲೋ ಎಂಟು ಚಕ್ರದ ಗಾಡಿಯಲ್ಲೋ ಕೆಳಗಿಳಿಸುವುದು, ತಂಪು ಕೊಠಡಿಯಲ್ಲಿ ತೂಗುಹಾಕುವುದು, ತೊಗಲು ಬಿಡಿಸುವುದು, ಇವೇ ದಿನವನ್ನು ತಿನ್ನುವ ಕೆಲಸಗಳು. ಅಷ್ಟು ವರ್ಷಗಳಲ್ಲಿ ಅವನು ಒಂದೇ ಒಂದು ಜಿಂಕೆಯನ್ನೂ ಗುಡ್ಡದ ಮೇಲೆ ಬಿಟ್ಟು ಬಂದದ್ದಿಲ್ಲ. ಹಾಗೆಂದು ಅವನು ಹೇಳಿಕೊಂಡವನೂ ಅಲ್ಲ. ಅದು ಹೇಳಿಕೊಳ್ಳುವ ಸಂಗತಿ ಎಂದೇ ಅವನಿಗೆ ಅನ್ನಿಸಿರಲಿಲ್ಲ.

ಡಿಸೆಂಬರಿನಲ್ಲಿ ನಿಮ್ಮ ತನಿಖೆಯವರು ಬಂದು ತಂಪು ಕೊಠಡಿಯನ್ನು ಅಳೆದರು. ಹೊಸ ನಿಯಮದ ಪ್ರಕಾರ ಗೋಡೆಯೂ ನೆಲವೂ ಕೂಡುವ ಮೂಲೆ ಗುಂಡಾಗಿರಬೇಕಂತೆ. ನಮ್ಮದು ಚೌಕವಾಗಿತ್ತು. ಫರ್ಕರ್‌ನ ಅಪ್ಪನ ಕಾಲದಿಂದಲೂ ಚೌಕವಾಗಿಯೇ ಇತ್ತು, ವಾರಕ್ಕೆರಡು ಸಲ ಅದನ್ನು ತಿಕ್ಕಿ ತೊಳೆಯುತ್ತಿದ್ದವಳು ನಾನು. ಕೊಠಡಿಗೆ ಬೀಗ ಬಿತ್ತು. ಗಾರೆಯವನನ್ನು ಕರೆಸಿ ಒಂದೇ ದಿನದಲ್ಲಿ ಮೂಲೆ ಗುಂಡು ಮಾಡಿಸಿದೆವು. ಮರುತಪಾಸಣೆಗೆ ಸರದಿ ಜೂನ್‌ನಲ್ಲಿ ಎಂದು ಉತ್ತರ ಬಂತು. ಅದೇ ಲಕೋಟೆಯಲ್ಲಿ ಇನ್ನೆರಡು ಆದೇಶಗಳು: ಫೆಬ್ರವರಿ ಹದಿನೈದರೊಳಗೆ ಇನ್ನೂರ ಅರವತ್ತು ಹೆಣ್ಣು ಜಿಂಕೆಗಳನ್ನು ತೆಗೆಯತಕ್ಕದ್ದು, ಸಾಗಿಸಲು ವ್ಯವಸ್ಥೆ ಇಲ್ಲದಲ್ಲಿ ಕಳೇಬರಗಳನ್ನು ನಿಸರ್ಗಕ್ಕೆ ಹಿಂದಿರುಗಿಸತಕ್ಕದ್ದು. ಹಿಂದಿರುಗಿಸುವುದು! ಎರವಲು ತಂದ ಪುಸ್ತಕದ ಹಾಗೆ. ಇಂಥ ಪದವನ್ನು ಹುಡುಕಿದವರಿಗೆ ನಿಮ್ಮ ಕಚೇರಿಯಲ್ಲಿ ಬಡ್ತಿ ಸಿಕ್ಕಿರಬಹುದೆಂದು ಭಾವಿಸುತ್ತೇನೆ.

ಜನವರಿಯ ಒಂದು ಗುರುವಾರ ನೀವು ಕಳಿಸಿದ ಇಬ್ಬರು ಗುತ್ತಿಗೆಯ ಬಂದೂಕುಗಾರರೊಂದಿಗೆ ಫರ್ಕರ್ ಮೇಲೆ ಹೋದ. ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದ. ಸಾಮಾನ್ಯವಾಗಿ ಅವನು ಬರುವಾಗ ಆರಾಗುತ್ತದೆ.

"ಇಷ್ಟು ಬೇಗ?" ಎಂದೆ.

"ಇಳಿಸೋ ಕೆಲಸ ಇರ್ಲಿಲ್ವಲ್ಲ."

"ಎಷ್ಟು?"

"ಮೂವತ್ತೆಂಟು. ಆ ಇಬ್ರು ಫೋನ್‌ನಲ್ಲಿ ಫೋಟೋ ತೆಗೆದು ಕಳಿಸಿದ್ರು. ಆಯ್ತು, ನಡೀರಿ ಅಂದ್ರು."

ಅವನು ಬಿಸಿನೀರಲ್ಲಿ ಕೈ ತೊಳೆದ. ಮತ್ತೆ ತೊಳೆದ. ಊಟದ ತಟ್ಟೆಯನ್ನು ನೋಡಿ ಪಕ್ಕಕ್ಕೆ ಸರಿಸಿದ. ನಾನು ತಟ್ಟೆ ಎತ್ತಿಟ್ಟೆ. ಏನಾಯಿತೆಂದು ಕೇಳಬೇಕಿತ್ತೇನೋ.

ಶುಕ್ರವಾರ ಬೆಳಿಗ್ಗೆ ಅವನು ಹೇಳದೆ ಮನೆಯಿಂದ ಹೋಗಿದ್ದ. ರೈಫಲ್ ಗೋಡೆಯ ಕಪಾಟಿನಲ್ಲೇ ಇತ್ತು. ನಾನು ಊರಿನ ಶಾಲೆಯ ಅಡುಗೆಯವಳು. ಅಲ್ಲಿನ ಅಡುಗೆ ಮುಗಿಸಿ, ಬೂಟು ಹಾಕಿಕೊಂಡು ನಾನೂ ಹತ್ತಿದೆ. ಗಾಳಿ ಇರಲಿಲ್ಲ, ನೆಲ ಹೆಪ್ಪುಗಟ್ಟಿತ್ತು. ಮೇಲಿನ ಸಮತಟ್ಟಿನಲ್ಲಿ ಅವನು ಒಂದು ಜಿಂಕೆಯನ್ನು ಹಿಂಗಾಲು ಹಿಡಿದು ಎಳೆಯುತ್ತಿದ್ದ. ಅವನ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಜಿಂಕೆಗಳು ಒಂದೇ ಸಾಲಿನಲ್ಲಿ, ಎಲ್ಲವೂ ಎಡಮಗ್ಗುಲಾಗಿ, ತಲೆ ಇಳಿಜಾರಿನ ಕಡೆಗೆ ಮಾಡಿ ಮಲಗಿದ್ದವು. ಉಳಿದವು ಬಿದ್ದಲ್ಲೇ ಇದ್ದವು.

"ಏನ್ ಮಾಡ್ತಿದೀಯ ಫರ್ಕರ್?"

"ಹೀಗೆ ಚೆಲ್ಲಾಪಿಲ್ಲಿ ಬಿಡಕ್ಕಾಗಲ್ಲ ಎಫಿ."

"ಯಾರು ನೋಡ್ತಾರೆ ಇಲ್ಲಿ?"

ಅವನು ಎಳೆಯುತ್ತಲೇ ಇದ್ದ. ಐವತ್ತೆಂಟು ವರ್ಷದ ಮನುಷ್ಯ, ಬೆಳಗಿನಿಂದ ಏನೂ ತಿಂದಿಲ್ಲ, ಸತ್ತ ಪ್ರಾಣಿಗಳನ್ನು ನೇರ ಮಾಡುತ್ತಿದ್ದಾನೆ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ನಾನು ಇನ್ನೊಂದು ಕಾಲು ಹಿಡಿದು ಎಳೆದೆ. ಎಲ್ಲ ಮುಗಿಯುವಾಗ ಕತ್ತಲಾಗುತ್ತ ಬಂದಿತ್ತು. ಅವನು ಕೊಂದವುಗಳನ್ನು ಗುರುತಿಸುವುದು ಸುಲಭವಿತ್ತು. ಗುತ್ತಿಗೆಯವರು ಬೇಡವೆಂದರೂ ಕೇಳದೆ, ಅಭ್ಯಾಸಬಲದಿಂದ, ಅವನು ತನ್ನವುಗಳ ಹೊಟ್ಟೆ ಸೀಳಿ ಶುಚಿ ಮಾಡಿದ್ದ. ಮಾಂಸ ಕಲ್ಲಿನಂತೆ ತಣ್ಣಗಿತ್ತು, ಒಳ್ಳೆಯ ಮಾಂಸ.

"ಮೂರನ್ನಾದ್ರೂ ಇಳಿಸೋಣ," ಎಂದೆ.

"ಎಲ್ಲಿಗೆ?"

"ನಮ್ಮ ಶೆಡ್ಡಿಗೆ. ಆಮೇಲಿಂದು ನಾನ್ ನೋಡ್ಕೋತೀನಿ."

ಇಲ್ಲಿಂದ ಮುಂದಿನದು, ತಪಾಸಣೆಯಾಗದ ಮಾಂಸವನ್ನು ಬಡಿಸಿದ್ದು, ನನ್ನ ಅಪರಾಧ. ಒಪ್ಪಿಕೊಳ್ಳುತ್ತೇನೆ, ಸಾಬೀತುಪಡಿಸಲು ಹಾಳೆ ಖರ್ಚು ಮಾಡಬೇಡಿ. ಮಂಗಳವಾರ ಶಾಲೆಯಲ್ಲಿ ಆ ಮಾಂಸವನ್ನು ಗಜ್ಜರಿ, ಟರ್ನಿಪ್, ಬಾರ್ಲಿ ಹಾಕಿ ನಾಲ್ಕು ಗಂಟೆ ಬೇಯಿಸಿದೆ. ಮುಖ್ಯೋಪಾಧ್ಯಾಯಿನಿ ಊನಾ ಗಿಲ್ಲಿಸ್ ಅಡುಗೆಮನೆಗೆ ಬಂದು ಮುಚ್ಚಳ ಎತ್ತಿ ಮೂಸಿದಳು. ಮತ್ತೆ ಗೋಡೆಯ ಮೇಲಿನ ಊಟದ ಬೋರ್ಡನ್ನು ನೋಡಿದಳು.

"ಎಫಿ, ಬೋರ್ಡಲ್ಲಿ ಹಾಗೆ ಬರೀಬೇಡ ಕಣೆ. ಬರೀ ಮಾಂಸದ ಸಾರು ಅಂತ ಹಾಕು."

"ಯಾವ ಮಾಂಸ ಅಂತ ಮಕ್ಳು ಕೇಳ್ತಾವೆ."

"ಕೇಳಿದ್ರೆ ಹೇಳು. ಬರೆದ್ರೆ ಅದು ದಾಖಲೆ ಆಗತ್ತೆ."

ನಾನು ಅಳಿಸಲಿಲ್ಲ. ಜಿಂಕೆ ಸಾರು, ನಮ್ಮ ಗುಡ್ಡದ್ದು ಎಂದಿತ್ತು. ಆ ದಿನದ ಊಟದ ಪಟ್ಟಿ ಎಂದಿನಂತೆ ಪೋಷಕರಿಗೂ ಹೋಯಿತು, ನಿಮ್ಮ ತನಿಖೆಯವರಿಗೂ. ಇಪ್ಪತ್ತಮೂರು ಮಕ್ಕಳು ಉಂಡರು. ಹದಿನೇಳು ಮಕ್ಕಳು ಮತ್ತೊಮ್ಮೆ ಬಡಿಸಿಕೊಂಡರು. ಯಾರಿಗೂ ಹೊಟ್ಟೆನೋವು ಬರಲಿಲ್ಲ ಎಂಬುದು ನಿಮ್ಮ ವರದಿಯ ನಾಲ್ಕನೆಯ ಪುಟದಲ್ಲಿ, ಸ್ವಲ್ಪ ನಿರಾಶೆಯಿಂದಲೇ ಎಂಬಂತೆ, ದಾಖಲಾಗಿದೆ.

ಬುಧವಾರ ಹತ್ತು ಗಂಟೆಗೆ ನಿಮ್ಮ ಕಡೆಯಿಂದ ಒಬ್ಬ ಯುವಕ ಶಾಲೆಗೆ ಬಂದ. ಸಭ್ಯ ಹುಡುಗ. ಬೂಟು ಬಾಗಿಲಲ್ಲೇ ಬಿಟ್ಟ. ಉಳಿದ ಸಾರಿನ ಪಾತ್ರೆಯನ್ನೂ ಕಡಿದಿಟ್ಟ ಮಾಂಸವನ್ನೂ ಅಂಗಳಕ್ಕೆ ತರಿಸಿದ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಾನಿದನ್ನ ಮಾಡ್ಲೇಬೇಕು."

"ಮಾಡಪ್ಪ," ಎಂದೆ.

ಅವನು ಡಬ್ಬಿ ತೆರೆದು ಎಲ್ಲದರ ಮೇಲೆ ನೀಲಿ ಬಣ್ಣ ಸುರಿದ. ಇನ್ನು ಯಾರೂ ತಿನ್ನಬಾರದು ಎಂಬ ಗುರುತು ಅದು. ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರು. ಎರಡನೇ ತರಗತಿಯ ಇಸ್ಲಾ ಕಿಟಕಿ ತೆರೆದು ಕೂಗಿದಳು, "ಎಫಿ ಆಂಟೀ, ಅದು ಕೆಟ್ಟೋಗಿತ್ತಾ?"

"ಇಲ್ಲ ಪುಟ್ಟಿ."

"ಮತ್ಯಾಕೆ?"

ಮಾನ್ಯರೇ, ನಾನು ಆ ಹುಡುಗನ ಮುಖ ನೋಡಿದೆ. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ನನಗಾಗ ಸಿಟ್ಟು, ಅವಮಾನ, ದುಃಖ ಯಾವುದೂ ಆಗಲಿಲ್ಲ. ಪಾತ್ರೆಯ ಅಂಚಿಗೆ ತಗುಲಿದ ನೀಲಿ ಕಲೆ ಯಾವ ಪುಡಿಯಿಂದ ಹೋಗಬಹುದು ಎಂದಷ್ಟೇ ಯೋಚಿಸುತ್ತಿದ್ದೆ. ಮರುದಿನ ನನ್ನನ್ನು ಕೆಲಸದಿಂದ ಅಮಾನತು ಮಾಡಿದ ಪತ್ರ ಬಂದಾಗಲೂ ಓದಿ, ಮಡಚಿ, ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟು ಆಲೂಗಡ್ಡೆ ಸುಲಿದೆ. ಶಾಲೆಗೆ ಈಗ ಊಟ ಪಟ್ಟಣದಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರ ಮೂಲೆಗಳು ಗುಂಡಾಗಿವೆಯಂತೆ, ಊನಾ ಹೇಳಿದಳು. ನನಗೆ ನಗು ಬರಲಿಲ್ಲ.

ಫರ್ಕರ್ ಶನಿವಾರ ರೈಫಲನ್ನು ಎಸ್ಟೇಟಿಗೆ ಒಪ್ಪಿಸಿದ. ಯಾಕೆ ಎಂದು ಮ್ಯಾನೇಜರ್ ಕೇಳಿದ್ದಕ್ಕೆ "ಕೈ ಏಳ್ತಿಲ್ಲ" ಎಂದನಂತೆ. ಅವನ ಕೈಗೆ ಏನೂ ಆಗಿಲ್ಲ. ವೈದ್ಯರು ನೋಡಿದ್ದಾರೆ. ನಿಮ್ಮ ಕಚೇರಿ ಅವನ ಜಾಗಕ್ಕೆ ಇನ್ನಿಬ್ಬರು ಗುತ್ತಿಗೆಯವರನ್ನು ಕಳಿಸಿ ಅವಧಿಯೊಳಗೆ ಇನ್ನೂರ ಅರವತ್ತನ್ನು ಪೂರೈಸಿತು. ಗುರಿ ನೂರಕ್ಕೆ ನೂರು ಸಾಧಿಸಲಾಗಿದೆ ಎಂಬ ಪ್ರಕಟಣೆಯನ್ನು ಅಂಚೆ ಕಚೇರಿಯ ಫಲಕದಲ್ಲಿ ಓದಿದೆ. ಅಭಿನಂದನೆಗಳು. ಆ ಇನ್ನೂರ ಅರವತ್ತರಲ್ಲಿ ಮನುಷ್ಯರ ಬಾಯಿಗೆ ಹೋದದ್ದು ಎಷ್ಟು ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಉತ್ತರ ನನಗೆ ಗೊತ್ತಿದೆ: ಮೂರು. ಅದೂ ಪೂರ್ತಿಯಲ್ಲ.

ನನ್ನ ಬೇಡಿಕೆ ಇಷ್ಟು. ಗಂಡನ ಕೆಲಸ ಮರಳಿ ಬೇಡ, ಕೊಟ್ಟರೂ ಅವನು ಹೋಗುವುದಿಲ್ಲ. ನನ್ನದೂ ಬೇಡ. ಕ್ಷಮೆ ಬೇಡ, ನಿಮ್ಮ ಕಚೇರಿಯಲ್ಲಿ ಅದಕ್ಕೊಂದು ನಮೂನೆ ಇರುತ್ತದೆ, ಅದನ್ನು ತುಂಬಲು ನನಗೆ ಶಕ್ತಿಯಿಲ್ಲ. ಹೆಣ್ಣು ಜಿಂಕೆಯ ಬೇಟೆ ಮತ್ತೆ ಶುರುವಾಗುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಆರ್ವಿಯ ತಂಪು ಕೊಠಡಿಯ ಬೀಗ ತೆಗೆಯಿರಿ. ಮುಂದೆ ಎಷ್ಟು ಕೊಲ್ಲಬೇಕು ಎಂದು ಬರೆಯುವಾಗ, ಆ ಸಂಖ್ಯೆಯ ಪಕ್ಕದಲ್ಲೇ ಅವನ್ನು ಯಾವ ಶಾಲೆ, ಯಾವ ಆಸ್ಪತ್ರೆ, ಯಾವ ಮನೆ ಉಣ್ಣುತ್ತದೆ ಎಂದೂ ಬರೆಯಿರಿ. ಬರೆಯಲು ಅಂಥ ಒಂದು ಹೆಸರೂ ಸಿಗದಿದ್ದರೆ ಸಂಖ್ಯೆಯನ್ನೂ ಬರೆಯಬೇಡಿ. ಸಹಿ ಆಮೇಲೆ ಹಾಕಿ.

ಈ ಪತ್ರ ಬರೆಯುತ್ತಿರುವಾಗ ಫರ್ಕರ್ ಎದುರಿನ ಕುರ್ಚಿಯಲ್ಲಿದ್ದ. ಯಾರಿಗೆ ಎಂದು ಕೇಳಿದ. ಹೇಳಿದೆ. "ಅವ್ರು ಓದ್ತಾರಾ?" ಎಂದ.

"ಗೊತ್ತಿಲ್ಲ."

"ಸರಿ, ಬರಿ," ಎಂದು ಕಿಟಕಿಯ ಕಡೆ ತಿರುಗಿದ. ಮೂರು ವಾರಗಳಲ್ಲಿ ಅವನು ನನ್ನೊಂದಿಗೆ ಆಡಿದ ಅತಿ ದೀರ್ಘ ಮಾತು ಇದು. ಹಾಗಾಗಿ ಬರೆದು ಮುಗಿಸಿದ್ದೇನೆ.

ಇಂತಿ,
ಹತ್ತೊಂಬತ್ತು ವರ್ಷ ಶಾಲೆಯ ಮಕ್ಕಳಿಗೆ ಬಡಿಸಿ, ಈಗ ತಮ್ಮ ಆದೇಶದಂತೆ ಇಬ್ಬರಿಗಷ್ಟೇ ಆಲೂಗಡ್ಡೆ ಬೇಯಿಸುತ್ತಿರುವ
ಎಫಿ ಮ್ಯಾಥೆಸನ್
ಆರ್ವಿ ಕಣಿವೆ, ಸ್ಕಾಟ್ಲೆಂಡ್