ಇಂಜಿನಿಗೆ ಇಟ್ಟ ಬೊಟ್ಟು

ಅಬ್ಬಾಸಿಯಾ, ಕುವೈತ್
೨೨ ಅಕ್ಟೋಬರ್ ೧೯೯೧

ಪ್ರೀತಿಯ ಡೋಲ್ಫಿ,

ನಿನ್ನ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು ಅಂತ ಊರಿಂದ ಬಂದ ಉಮ್ಮರಬ್ಬ ಹೇಳಿದ. ಒಳ್ಳೆಯದಾಯಿತು. ಕಿನ್ನಿಗೋಳಿಯಲ್ಲಿ ಸ್ವಂತ ಗ್ಯಾರೇಜ್ ಹಾಕಿದ್ದೀಯಂತೆ, ಪಾದ್ರಿಗಳನ್ನು ಕರೆಸಿ ಆಶೀರ್ವಾದವೂ ಮಾಡಿಸಿದೆಯಂತೆ. ಅದೂ ಒಳ್ಳೆಯದಾಯಿತು. ನಾನು ಇಲ್ಲಿ ಉಸಿರಾಡಿಕೊಂಡಿದ್ದೇನೆ. ಎಣ್ಣೆ ಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿಲ್ಲ. ಟೆರೇಸಿನಲ್ಲಿ ಹರವಿದ ಬನಿಯನು ಸಂಜೆಗೆ ಕಪ್ಪು ಚುಕ್ಕೆ ಹೊತ್ತುಕೊಂಡು ಬರುತ್ತದೆ, ಸೀನಿದರೂ ಕಪ್ಪು. ಇದು ಎದೆಯೊಳಗೆ ಏನು ಮಾಡುತ್ತದೋ ಅಂತ ದಿನಾ ಹೆದರುತ್ತೇನೆ. ನೀನಿದ್ದಿದ್ದರೆ ನಗುತ್ತಿದ್ದೆ.

ಕಾಗದ ಬರೆಯುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ರತ್ನಾವತಿಗೆ ಬರೆಯುವಾಗಲೂ ನೀನು ಪಕ್ಕದಲ್ಲಿ ಕೂತು ತಿದ್ದುತ್ತಿದ್ದೆ. "ಇದು ಹೆಂಡತಿಗೆ ಬರೆಯುವುದಾ, ಪೊಲೀಸರಿಗೆ ಹೇಳಿಕೆ ಕೊಡುವುದಾ ಮಾರಾಯ? ಒಂದು ಮುದ್ದು ಮಾತು ಹಾಕು" ಅನ್ನುತ್ತಿದ್ದೆ. ಈ ಕಾಗದ ತಿದ್ದಲಿಕ್ಕೆ ಯಾರೂ ಇಲ್ಲ. ತಪ್ಪಿದ್ದರೆ ಸರಿ ಮಾಡಿ ಓದಿಕೋ.

ವಿಷಯ ಆ ಹಸಿರು ಸ್ಪೋರ್ಟ್ಸ್ ಕಾರಿನದು.

ಕಳೆದ ವರ್ಷ ಆಗಸ್ಟಿನಲ್ಲಿ ಇರಾಕಿನ ಸೈನಿಕರು ರಾಯ್ ಬಡಾವಣೆಯ ಷೋರೂಮುಗಳಿಂದ ಕಾರುಗಳನ್ನು ಮದುವೆ ದಿಬ್ಬಣದ ಹಾಗೆ ಸಾಲಾಗಿ ಓಡಿಸಿಕೊಂಡು ಹೋದದ್ದನ್ನು ನಾವಿಬ್ಬರೂ ಶಟರಿನ ಸಂದಿಯಿಂದ ನೋಡಿದೆವಲ್ಲ. ಮರುದಿನ ನಮ್ಮ ಕಫೀಲ್, ಗ್ಯಾರೇಜಿನ ಧಣಿ ಬೂ ಸಾಲಂ ಹಿಂಬಾಗಿಲಿನಿಂದ ಬಂದರು. ಮಗ ಸಾಲಂನನ್ನು ಸೈನಿಕರು ಮನೆಯಿಂದಲೇ ಹಿಡಿದುಕೊಂಡು ಹೋಗಿದ್ದರು. ಮುದುಕರು ಮಗನ ಆ ಹಸಿರು ಕಾರಿನ ಬಾನೆಟ್ ಸವರಿ, ಗ್ಯಾರೇಜಿನಲ್ಲಿ ಬೇರೆ ಏನು ಹೋದರೂ ಹೋಗಲಿ, ಇದೊಂದು ಹೋಗಬಾರದು ಅಂದರು. ಇಂಜಿನ್ ಇಲ್ಲದ ಕಾರನ್ನು ಯಾವ ಕಳ್ಳ ಒಯ್ಯುತ್ತಾನೆ ಅಂತ ಉಪಾಯ ಹೇಳಿದವನು ನೀನು. ಇಳಿಸಿದವನು ನಾನು. ಸರ್ವಿಸ್ ಗುಂಡಿಯೊಳಗಿಟ್ಟು, ಟರ್ಪಾಲು ಸುತ್ತಿ, ಮರಳು ತುಂಬಿ, ಮೇಲೆ ಹಳೆ ಟಯರು ಪೇರಿಸಿದೆವು. ನಿನ್ನ ಉಪಾಯ ಫಲಿಸಿತು. ಸೈನಿಕರು ಸ್ಪ್ಯಾನರನ್ನೂ ಬಿಡಲಿಲ್ಲ, ಆ ಕಾರನ್ನು ಮಾತ್ರ ಬಿಟ್ಟರು. ಆಮೇಲೆ ನಾನು ಬಸ್ಸು ಹತ್ತಿ ಅಮ್ಮಾನ್ ದಾರಿಯಾಗಿ ಊರಿಗೆ ಹೋದೆ. ನೀನು ನಿಂತೆ. ನಿನ್ನ ಧೈರ್ಯ ನನಗಿಲ್ಲ.

ಆ ಇಂಜಿನಿಗೆ ನಾನು ಪ್ರತಿ ಆಯುಧಪೂಜೆಗೆ ಕುಂಕುಮದ ಬೊಟ್ಟು ಇಡುತ್ತಿದ್ದೆ. ಹಿಂಬದಿಯಲ್ಲಿ, ಕೈ ಮಾತ್ರ ತಲಪುವ ಕಡೆ. ಕಫೀಲ್ ಕಂಡರೆ ಏನೆಂದುಕೊಳ್ಳುತ್ತಾರೋ ಅಂತ ಹೆದರಿಕೆ. ಗೊತ್ತಿದ್ದದ್ದು ನಿನಗೆ ಮಾತ್ರ. "ಬೊಟ್ಟು ಆಯಿತು, ಮೂಗುತಿ ಯಾವಾಗ ರೋಹಿ?" ಅಂತ ಕೇಳುತ್ತಿದ್ದೆ. ತಮಾಷೆ ಮಾಡಿದರೂ ಒಂದು ದಿನವೂ ಯಾರಿಗೂ ಹೇಳಲಿಲ್ಲ. ಅದಕ್ಕೇ ನೀನು ನನ್ನ ಅಣ್ಣನಿಗಿಂತ ಹೆಚ್ಚು ಅಂತ ರತ್ನಾವತಿಯ ಹತ್ತಿರ ಹೇಳಿಕೊಂಡಿದ್ದೆ.

ನಾನು ಊರಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಕಫೀಲ್ ಮತ್ತೆ ವೀಸಾ ಕಳಿಸಿದರು. ನೀನೇ ಹೇಳಿ ಕಳಿಸಿದ್ದು ಅಂತ ಗೊತ್ತಾದಾಗ ಮನೆಯಲ್ಲೆಲ್ಲ ಹೇಳಿದೆ, ನೋಡಿ, ನನ್ನ ಡೋಲ್ಫಿ ನನ್ನನ್ನು ಮರೆಯಲಿಲ್ಲ. ಇಲ್ಲಿ ಬಂದಾಗ ನೀನು ಊರಿಗೆ ಹೊರಟಾಗಿತ್ತು. ಒಂದು ವಾರ ಕಾಯಬಾರದಿತ್ತಾ ಅಂತ ಬೇಸರಪಟ್ಟೆ, ಅಷ್ಟೇ. ಸಂಶಯ ಅಂತ ಒಂದಿಷ್ಟೂ ಬರಲಿಲ್ಲ. ಎಲ್ಲದಕ್ಕೂ ಸಂಶಯಪಡುವವನು ನಾನು. ಗ್ಯಾಸ್ ಬಂದ್ ಮಾಡಿದೆನಾ ಅಂತ ಬೀದಿಯಿಂದ ವಾಪಸು ಬಂದು ನೋಡುವವನು. ನಿನ್ನ ಮೇಲೆ ಮಾತ್ರ ಬರಲಿಲ್ಲ.

ಸಾಲಂ ಇನ್ನೂ ಬಂದಿಲ್ಲ. ಇರಾಕಿನಿಂದ ಕೈದಿಗಳನ್ನು ಕರೆತಂದ ಬಸ್ಸುಗಳನ್ನೆಲ್ಲ ಮುದುಕರು ಹೋಗಿ ನೋಡಿದರಂತೆ, ಅವನು ಇರಲಿಲ್ಲ. ನಾನು ಬಂದ ದಿನವೇ ನನ್ನನ್ನು ಕಾರಿನ ಬಳಿ ಕರೆದುಕೊಂಡು ಹೋದರು. "ಇಂಜಿನ್ ಡೋಲ್ಫಿ ಕೂರಿಸಿದ್ದಾನೆ. ಇಳಿಸಿದ್ದು ನಿನ್ನ ಕೈ. ನೋಡಿ ಹೇಳು ರೋಹಿ, ಇದು ನನ್ನ ಮಗನದೇ ಹೌದಾ?" ಅಂದರು. ನಂಬರ್ ನೋಡಿದೆ, ಸರಿ ಇತ್ತು. ಮೂರು ಕಾರ್ಬ್ಯುರೇಟರು ನಾನೇ ಬಿಚ್ಚಿಟ್ಟವು. ಟಾರ್ಚ್ ಹಿಡಿದು ಹಿಂದಕ್ಕೆ ಕನ್ನಡಿ ತೂರಿಸಿದೆ. ಕೆಂಪು ಬೊಟ್ಟು! ಡೋಲ್ಫಿ, ನಾನು ಅಲ್ಲೇ ಮಡ್ಗಾರ್ಡಿಗೆ ತಲೆಯಿಟ್ಟು ಅತ್ತುಬಿಟ್ಟೆ. ಮುದುಕರ ಅಂಗೈ ಮೇಲೆ ಕೈಯಿಟ್ಟು "ವಲ್ಲಾ, ಅದೇ" ಅಂತ ಆಣೆ ಹಾಕಿದೆ. ಅವರೂ ಅತ್ತರು. ಬ್ಯಾಟರಿ ಹಾಕುವುದು ಬೇಡ, ಸಾಲಂ ಬಂದು ಅವನೇ ಸ್ಟಾರ್ಟ್ ಮಾಡಲಿ, ಕಣ್ಣು ಮುಚ್ಚಿ ಸದ್ದು ಕೇಳಿದರೂ ತನ್ನ ಇಂಜಿನನ್ನು ಗುರುತಿಸುತ್ತಾನೆ ಅಂದರು.

ಮೊನ್ನೆ ಆಯುಧಪೂಜೆ. ಕುಂಕುಮಕ್ಕೆ ನೀರು ಹಾಕಿ ಕಲಸುತ್ತಿದ್ದೆ. ಬೆರಳು ಕೆಂಪಾಯಿತು. ಆಗ ನೆನಪಾಯಿತು.

ಗುಂಡಿಗೆ ಇಳಿಸುವ ದಿನ ನೀನು ಟರ್ಪಾಲು ತರಲು ಹೋಗಿದ್ದೆಯಲ್ಲ, ಆಗ ನಾನು ಪೆಟ್ರೋಲ್ ಬಟ್ಟೆಯಿಂದ ಬೊಟ್ಟು ಒರೆಸಿದ್ದೆ. ಬೊಟ್ಟು ಇದ್ದದ್ದನ್ನು ಮಣ್ಣಿಗೆ ಹಾಕಲಿಕ್ಕೆ ನನ್ನ ಕೈ ಬರಲಿಲ್ಲ. ಗಣಪತಿಯನ್ನು ನೀರಿಗೆ ಬಿಡುವ ಮೊದಲು ಪೀಠದಿಂದ ಕದಲಿಸುತ್ತಾರಲ್ಲ, ಹಾಗೆ ಅಂದುಕೋ. ನಿನಗೆ ಹೇಳಿದರೆ ಊರಿಡೀ ನಗುವಷ್ಟು ನಗುತ್ತೀಯ ಅಂತ ಹೇಳಲಿಲ್ಲ. ಗುಂಡಿಗೆ ಇಳಿದ ಇಂಜಿನಿಗೆ ಬೊಟ್ಟು ಇರಲಿಲ್ಲ, ಡೋಲ್ಫಿ. ಹಾಗಾದರೆ ಮೊದಲ ದಿನವೇ ಯಾಕೆ ನೆನಪಾಗಲಿಲ್ಲ ಅಂತ ಕೇಳಬೇಡ. ಕೆಂಪು ಕಂಡಿತು, ಬುದ್ಧಿ ನಿಂತಿತು.

ನಿನ್ನ ಪರವಾಗಿ ನಾನೇ ಎಷ್ಟು ವಾದ ಮಾಡಿದೆ ಗೊತ್ತಾ? ನಾನಿಲ್ಲದ ವರ್ಷ ಪೂಜೆ ತಪ್ಪಬಾರದು ಅಂತ ನೀನೇ ಪ್ರೀತಿಯಿಂದ ಇಟ್ಟಿರಬಹುದು ಅಂದುಕೊಂಡೆ. ಶಿಲುಬೆ ಹಾಕಿಕೊಂಡವನು ನನಗೋಸ್ಕರ ಕುಂಕುಮ ಹುಡುಕಿದನಲ್ಲ ಅಂತ ಮತ್ತೆ ಕಣ್ಣು ತುಂಬಿತು. ಆ ಸಮಾಧಾನ ಉಳಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಚಾ ಕುಡಿಯಲು ಪಕ್ಕದ ಬಾವಾನ ಅಂಗಡಿಗೆ ಹೋದೆ. ಅವನಿಗೇನು ಗೊತ್ತು ಪಾಪ, ತಮಾಷೆಗೆ ಹೇಳಿದ: "ಎಂತ ರೋಹಿಯಣ್ಣ, ನಿಮ್ಮ ಡೋಲ್ಫಿ ಭಾಯಿ ಎರಡೆರಡು ಇಂಜಿನ್ ಇಟ್ಟುಕೊಂಡು ಹಡಗು ಕಟ್ಟುತ್ತಾನಾ ಅಂತ ನಾನು ಕೇಳಿದ್ದೆ. ಒಂದು ಗುಜರಿಯಿಂದ ಬಂತು, ಒಂದು ಪೆಟ್ಟಿಗೆಯಲ್ಲಿ ಹೋಯಿತು. ಬಂದದ್ದಕ್ಕೆ ಸ್ನಾನ, ಹೋದದ್ದಕ್ಕೆ ಹೊದಿಕೆ!"

ನಾನೂ ನಕ್ಕೆ. ಚಾ ಅರ್ಧಕ್ಕೇ ಬಿಟ್ಟು ಎದ್ದೆ.

ವಾಪಸು ಬಂದು ನಂಬರಿನ ಜಾಗವನ್ನು ಬೆರಳಲ್ಲಿ ಸವರಿದೆ. ಸುತ್ತಲೂ ಎರಕದ ಒರಟು, ಅಲ್ಲಿ ಮಾತ್ರ ಉಜ್ಜಿದ ಹಾಗೆ ನುಣ್ಣಗೆ. ಅದೇ ಕಂಪನಿಯ ದೊಡ್ಡ ಫ್ಯಾಮಿಲಿ ಕಾರಿನಲ್ಲಿ ನೋಡಲು ಇದರ ಜೋಡಿ ಇಂಜಿನೇ ಇರುತ್ತದೆ, ಬೆಲೆ ಮಾತ್ರ ಹತ್ತರಲ್ಲೊಂದು ಅಂತ ನನಗೆ ಕಲಿಸಿಕೊಟ್ಟವನೇ ನೀನು. ಯುದ್ಧ ಮುಗಿದ ಮೇಲೆ ಗುಜರಿಯಲ್ಲಿ ಅಂಥವಕ್ಕೆ ಬರವೇನು? ಒಂದನ್ನು ತಂದೆ, ಅದರ ನಂಬರು ಉಜ್ಜಿದೆ, ನಮ್ಮ ಇಂಜಿನಿನ ನಂಬರು ಕುಟ್ಟಿದೆ, ನಮ್ಮ ಕಾರ್ಬ್ಯುರೇಟರು ಕೂರಿಸಿದೆ.

ಅಷ್ಟನ್ನು ನಾನು ತಡೆದುಕೊಳ್ಳುತ್ತಿದ್ದೆ. ಮನುಷ್ಯನಿಗೆ ಆಸೆ ಬರುತ್ತದೆ. ಅಮ್ಮನ ಕಣ್ಣು, ಊರಲ್ಲಿ ಗ್ಯಾರೇಜು, ಏನೋ ಒಂದು. ಆದರೆ ಆ ಬೊಟ್ಟು? ನಂಬರು ಕುಟ್ಟಿದ್ದು ಮುದುಕರಿಗೆ. ಬೊಟ್ಟು ಇಟ್ಟದ್ದು ನನಗೆ. ಈ ಭೂಮಿಯ ಮೇಲೆ ಅದನ್ನು ಹುಡುಕುವವನು ನಾನೊಬ್ಬನೇ ಅಂತ ನಿನಗೆ ಗೊತ್ತಿತ್ತು. ನನ್ನ ಭಕ್ತಿಯಲ್ಲಿ ಬೆರಳು ಅದ್ದಿ ನನ್ನ ಕಣ್ಣಿಗೇ ಹಚ್ಚಿದೆ. ವೀಸಾ ಯಾಕೆ ಕಳಿಸಿದೆ ಅಂತಲೂ ಈಗ ತಿಳಿಯಿತು. ನಿನಗೆ ಬೇಕಾಗಿದ್ದದ್ದು ಗೆಳೆಯ ಅಲ್ಲ, ಸಾಕ್ಷಿ. ರೋಹಿ ಹೌದು ಅಂದರೆ ಮುದುಕ ನಂಬುತ್ತಾನೆ ಅಂತ ಲೆಕ್ಕ ಹಾಕಿದೆ. ಸರಿಯಾದ ಲೆಕ್ಕವೇ.

ಈಗ ನನ್ನ ಗತಿ ನೋಡು. ಸಾಲಂ ಬಂದು ಕೀ ತಿರುಗಿಸಿದರೆ ಮೊದಲ ಸದ್ದಿಗೇ ನಾನು ಸುಳ್ಳುಗಾರ. ಬರದಿದ್ದರೆ ಇನ್ನೂ ಕಷ್ಟ. ಮುದುಕರು ದಿನಾ ಬೆಳಿಗ್ಗೆ ಬಂದು ಯಾವುದೋ ಗುಜರಿ ಇಂಜಿನಿನ ಮೇಲೆ ಕೈಯಿಟ್ಟು ಮಗನ ಹೆಸರು ಹೇಳುತ್ತಾರೆ. ಅದನ್ನು ನಾನು ದಿನಾ ನೋಡಬೇಕು.

ನನಗೆ ಬೇಕಾದದ್ದು ಒಂದೇ ಒಂದು ಸಾಲು. ನಿಜವಾದ ಇಂಜಿನ್ ಎಲ್ಲಿದೆ? ಯಾರಿಗೆ ಕೊಟ್ಟೆ ಅಂತ ಬರಿ, ಹೇಗಾದರೂ ತರಿಸೋಣ. ನಿನ್ನ ಹೆಸರು ನನ್ನ ಬಾಯಿಂದ ಹೊರಗೆ ಬರುವುದಿಲ್ಲ. ಕಿನ್ನಿಗೋಳಿಯಲ್ಲಿ ನೀನು ತಲೆಯೆತ್ತಿ ನಡೆಯಬಹುದು. ಇಷ್ಟು ವರ್ಷ ಒಂದೇ ರೂಮಿನಲ್ಲಿ ಒಂದೇ ಪಾತ್ರೆಯ ಅನ್ನ ತಿಂದವರು ನಾವು. ಹೆದರಬೇಡ, ಬರಿ.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ. ಅವರಿಗೆ ಇದನ್ನು ಓದಿ ಹೇಳಬೇಡ.

ಉತ್ತರ ಕಾಯುತ್ತಿರುವ
ರೋಹಿದಾಸ

ಮರೆತ ಮಾತು: ನಿನ್ನ ಹೆಸರು ಹೇಳುವುದಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಈ ಕಾಗದ ಶುರು ಮಾಡುವ ಮೊದಲೇ ಮುದುಕರಿಗೆ ಎಲ್ಲ ಹೇಳಿ ಬಂದಿದ್ದೆ. ಅವರು ನಂಬಲಿಲ್ಲ. "ಡೋಲ್ಫಿ ಗುಂಡಿನ ನಡುವೆ ನನ್ನ ಮನೆಗೆ ರೊಟ್ಟಿ ತಂದುಕೊಟ್ಟವನು. ನೀನು ಓಡಿಹೋದವನು. ನನ್ನ ಅಂಗೈ ಮೇಲೆ ಕೈಯಿಟ್ಟು ಹೇಳಿದ್ದು ನಿಜ, ಈಗ ಹೇಳುವುದು ಹೊಟ್ಟೆಕಿಚ್ಚು. ಖಲಾಸ್" ಅಂದರು. ಇಕಾಮಾ ರದ್ದು ಮಾಡಿಸಿ ನನ್ನನ್ನು ಊರಿಗೆ ಅಟ್ಟುತ್ತಾರೆ. ಈ ಕಾಗದ ಮೊದಲು ಕಿನ್ನಿಗೋಳಿ ತಲಪುತ್ತದೋ ನಾನೋ ಗೊತ್ತಿಲ್ಲ. ನಾನು ಮೊದಲು ಬಂದರೆ ಬಾಗಿಲು ಹಾಕಿಕೊಳ್ಳಬೇಡ, ಆ ಒಂದು ಸಾಲು ಬಾಯಲ್ಲೇ ಹೇಳು. ಗ್ಯಾರೇಜಿನಿಂದ ಹೊರಡುವ ಮುಂಚೆ ಪೆಟ್ರೋಲ್ ಬಟ್ಟೆ ತೆಗೆದುಕೊಂಡು ನೀನು ಇಟ್ಟ ಬೊಟ್ಟನ್ನು ಒರೆಸಿ ಬಂದೆ.