ಪೆನ್ಸಿಲ್ ಪದಗಳು

ಮಾರ್ಚ್ 4, ಬೆಳಿಗ್ಗೆ 7.10

ಹಾಲು ಉಕ್ಕಿ ಒಲೆಯೆಲ್ಲ ಹಾಳು. ಹೋಗಲಿ, ಪದ ಸಿಕ್ಕಿತು — ಮೋಪೇಸು. ಮೋ, ಕಣ್ಣು. ಪೇ, ಮರೆವು. ಕೈಯಿಂದ ಮಾಡಿದ ವಸ್ತು, ಹಾಗಾಗಿ ಕೊನೆಗೆ ಸು. ಜೀವ ಇರುವವಕ್ಕೆ ಮಿ, ಮನಸ್ಸಿನೊಳಗಿನವಕ್ಕೆ ಲೋ. ಅರ್ಥ: ತಲೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ಕನ್ನಡಕ. ಹದಿನಾಲ್ಕು ವರ್ಷ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿದವಳಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು!

ಪೆನ್ಸಿಲ್ಲಿನಲ್ಲಿ ಬರೆದೆ. ಅಕ್ಕನೂ ನಾನೂ ಫ್ರಾಕ್ ಹಾಕುವ ವಯಸ್ಸಿನಲ್ಲಿ ಹುಟ್ಟಿಸಿದ ಭಾಷೆ, ಅಂದಿನದೇ ಕಾನೂನು. ಒಬ್ಬಳು ಕಟ್ಟಿದ ಪದ ಇನ್ನೊಬ್ಬಳ ಮಾತಿನಲ್ಲಿ ತಾನಾಗಿಯೇ ಬರಬೇಕು. ಆಮೇಲೇ ಇಂಕು.

ಪೆನ್ಸಿಲ್ ಪದ ಈಗ ನಲವತ್ತಮೂರು. ಹತ್ತು ತಿಂಗಳಿಂದ ಇಂಕು ಮುಟ್ಟಿಲ್ಲ.

ಮಾರ್ಚ್ 5

ಪದ, ಅರ್ಥ ಎರಡನ್ನೂ ಕಾರ್ಡಿನಲ್ಲಿ ಬರೆದೆ. ನಾಳೆ ಅಕ್ಕನಿಗೆ ಪೋಸ್ಟ್. ವಾರಕ್ಕೊಂದು ಹೋಗುತ್ತದೆ, ಉತ್ತರವಿಲ್ಲ. ಅಮ್ಮನ ಹೊಲಿಗೆ ಮೆಷಿನ್ನನ್ನು ಅಕ್ಕನನ್ನು ಕೇಳದೆ ಯಾರಿಗೋ ಕೊಟ್ಟುಬಿಟ್ಟವಳು ನಾನು. ತಪ್ಪು ನನ್ನದೇ. ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ, ಅಷ್ಟೇ… ಆದರೂ ಬಂದೇ ಬರುತ್ತಾಳೆ. ಬೇಕಾದರೆ ಬರೆದಿಡುತ್ತೇನೆ: ಬರುತ್ತಾಳೆ.

ಮಾರ್ಚ್ 29, ಸಂಜೆ

ಬಂದಳು! ಅಂಗಡಿಗೆ. ಗಿರಾಕಿಯಾಗಿ.

"ಒಂದು ಫ್ರೇಮ್ ತೋರಿಸಿ."

ಒಡಹುಟ್ಟಿದವಳಿಗೆ ಬಹುವಚನ! ಮೈ ಉರಿಯಿತು. ಹನ್ನೊಂದು ಫ್ರೇಮ್ ಹರಡಿದೆ. ಒಂದೂ ಒಪ್ಪಿಗೆಯಿಲ್ಲ.

"ಹಳೇದು ಏನಾಯ್ತು?"

"ಎಲ್ಲೋ ಹೋಯ್ತು. ನಿನ್ನ ಭಾವ ಮಂಚದ ಕೆಳಗೆಲ್ಲ ಹುಡುಕಿದ್ರು. ನಾನೂ ಮೋಪೇಸು ಇರ್ಬೇಕು ಅಂತ ತಲೆ ಮುಟ್ಟಿ ಮುಟ್ಟಿ ನೋಡ್ಕೊಂಡೆ…"

ಅಲ್ಲಿಗೇ ನಿಲ್ಲಿಸಿದಳು. ಓನರ್ ಕೈಯಲ್ಲಿದ್ದ ಲೆನ್ಸ್ ಬಿಟ್ಟು ನಮ್ಮನ್ನೇ ನೋಡಿದರು.

"ಅಕ್ಕಾ, ಆ ಮೆಷಿನ್ನು… ನಿನ್ನ ಕೇಳ್ಬೇಕಿತ್ತು. ತಪ್ಪಾಯ್ತು."

ಮೂಗು ಒರೆಸಿಕೊಂಡಳು. "ಪೆನ್ಸಿಲಲ್ಲಿ ಎಷ್ಟಿದೆ?"

"ನಲವತ್ತಾರು."

"ಅದ್ರಲ್ಲಿ ಅರ್ಧ ದಂಡ. ಭಾನುವಾರ ಪುಸ್ತಕ ತಗೊಂಡ್ ಬಾ."

ಬಾ ಅಂದಳು! ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಖುಷಿಗೆ.

ಏಪ್ರಿಲ್ 2, ಭಾನುವಾರ, 8.40

ಇಂಕ್ ಪೆನ್ನು ಒಣಗಿ ಕೂತಿತ್ತು. ಬಿಸಿನೀರಿನಲ್ಲಿ ತೊಳೆದೆ. ಹತ್ತರ ಬಸ್ಸು ಹಿಡಿದರೆ ಹನ್ನೊಂದಕ್ಕೆ ಅಕ್ಕನ ಮನೆ. ಅದಕ್ಕೂ ಮುಂಚೆ ಮೋಪೇಸುವಿಗೆ ಇಂಕು —

ಬೆಲ್. ಇಷ್ಟು ಬೇಗ ಯಾರಪ್ಪ…

ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕ! ಹನ್ನೊಂದರವರೆಗೂ ತಡೆಯಲಾರಳು, ನನಗೆ ಗೊತ್ತಿತ್ತು. ಎಲ್ಲೋ ಹೋಯ್ತು ಅಂದಿದ್ದ ಆ ಹಳೆಯ ಕನ್ನಡಕವನ್ನೇ ತಲೆಯ ಮೇಲೆ ಏರಿಸಿಕೊಂಡು, ಬ್ಯಾಗಿನೊಳಗೆ ಕೈಹಾಕಿ ಏನೋ ಹುಡುಕುತ್ತಿದ್ದಾಳೆ. ಹುಡುಕುತ್ತಿರುವುದು ಅದನ್ನೇ ಇರಬೇ—