ಸತ್ತವರಿಗೆ ಅಪಘಾತ ವಿಮೆ

ಪ್ರಧಾನ ಕಚೇರಿಯಲ್ಲಿ ಕುಳಿತು ಗ್ರಾಹಕರ ದೂರು ಆಲಿಸುವ ಮಾನ್ಯರೇ,

ತೀರಿಹೋದ ನನ್ನ ಗಂಡನ ಜೀವಕ್ಕೆ ನಿಮ್ಮ ಬ್ಯಾಂಕು ತಿಂಗಳಿಗೆ ಮುನ್ನೂರರಂತೆ ಇನ್ನೂ ಅಪಘಾತ ವಿಮೆಯ ಕಂತು ಕಟ್ಟಿಸಿಕೊಳ್ಳುತ್ತಿದೆ. ಈ ಬಗ್ಗೆ ನಾನು ಮೂರು ಪತ್ರ ಬರೆದೆ. ಮೂರಕ್ಕೂ ‘ತಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಉತ್ತರ ಬಂತು, ಅವರ ಹೆಸರಿಗೆ. ಆದ್ದರಿಂದ ಈ ನಾಲ್ಕನೆಯದನ್ನು ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ಅವರು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಕಾಗದ ಕತ್ತರಿಸುವ ಯಂತ್ರಕ್ಕೆಂದು ನಿಮ್ಮಲ್ಲಿ ಓವರ್‌ಡ್ರಾಫ್ಟ್ ಪಡೆದರು. ಖಾತೆಯಲ್ಲಿ ಹಣ ಇಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯಬಹುದಾದ ಸಾಲ ಅದು. ಅತ್ತೆ ತಮ್ಮ ಅರವತ್ತು ಸಾವಿರದ ಠೇವಣಿಯನ್ನು ಅದಕ್ಕೆ ಭದ್ರತೆಯಾಗಿಟ್ಟರು. ಸಾಲದ ಜೊತೆಗೇ ನೀವು ನನ್ನ ಗಂಡನ ಹೆಸರಿಗೆ ಅಪಘಾತ ವಿಮೆಯನ್ನೂ ಮಾಡಿಸಿದಿರಿ. ಒಂಬತ್ತು ವರ್ಷ ಸಾಲ ಏರುತ್ತಾ ಇಳಿಯುತ್ತಾ ಇತ್ತು. ಅವರು ಜ್ವರದಲ್ಲಿ ಹೋದಾಗ ಅರವತ್ತೆರಡು ಸಾವಿರ ಬಾಕಿ ಇತ್ತು. ಜ್ವರ ಅಪಘಾತವಲ್ಲ, ಹಾಗಾಗಿ ವಿಮೆ ಸಿಗಲಿಲ್ಲ. ಅದನ್ನು ಒಪ್ಪಿಕೊಂಡೆ.

ನಮ್ಮದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ನಾಲ್ಕು ತಿಂಗಳು ನಾವು ಸಾವಿನ ಸುದ್ದಿಯನ್ನು ಬ್ಯಾಂಕಿಗೆ ತಿಳಿಸಲಿಲ್ಲ. “ಹೇಳ್ಬೇಡ ಕಣೇ, ಒಂದೇ ಸಲಕ್ಕೆ ಎಲ್ಲಾ ಕಟ್ಟು ಅಂತಾರೆ” ಎಂದು ಅತ್ತೆ ಹೆದರಿದರು, ನಾನೂ ಹೆದರಿದೆ. ಕೌಂಟರಿನ ಗುಮಾಸ್ತರು “ಯಜಮಾನ್ರು ಹೇಗಿದ್ದಾರೆ?” ಎಂದು ಕೇಳಿದಾಗ “ಚೆನ್ನಾಗಿದ್ದಾರೆ” ಎಂದುಬಿಟ್ಟೆ. ನಾನು ದಿನಾ ಬರೆಯುವ ದಿನಚರಿಯಲ್ಲಿ ಆ ದಿನ ಒಂದು ಸಾಲೂ ಬರೆಯಲಾಗಲಿಲ್ಲ. ಐದನೆಯ ತಿಂಗಳು ಮರಣ ಪ್ರಮಾಣಪತ್ರ ಒಯ್ದುಕೊಟ್ಟು, ಮೊಹರು ಹಾಕಿಸಿಕೊಂಡು ಬಂದೆ. ಸುಳ್ಳು ಹೇಳಿದ್ದು ನಾಲ್ಕೇ ತಿಂಗಳು. ನಿಜ ಹೇಳಿ ಹದಿನೆಂಟು ತಿಂಗಳಾಯಿತು. ನಿಮ್ಮ ಬ್ಯಾಂಕು ನಂಬಿದ್ದು ಮಾತ್ರ ನನ್ನ ಸುಳ್ಳನ್ನೇ.

ನಾನು ದರ್ಜಿ ಅಂಗಡಿಯ ಬಟ್ಟೆಗಳಿಗೆ ಕಾಜ ಮಾಡಿ ಗುಂಡಿ ಹಚ್ಚುತ್ತೇನೆ. ಹಾಲು ಅರ್ಧಕ್ಕಿಳಿಸಿದ್ದೇವೆ, ಬಸ್ಸು ಬಿಟ್ಟು ನಡೆಯುತ್ತೇನೆ. ಇಪ್ಪತ್ತೆರಡು ತಿಂಗಳಲ್ಲಿ ತಪ್ಪದೆ ನಲವತ್ತನಾಲ್ಕು ಸಾವಿರ ಕಟ್ಟಿದ್ದೇನೆ. ಬಾಕಿ ಇನ್ನೂ ನಲವತ್ತೊಂದು ಸಾವಿರ! ಬಡ್ಡಿ ಸರಿ, ಸಾಲ ಮಾಡಿದವರು ಕೊಡಬೇಕು. ಆದರೆ ವಿಮೆ, ನಿರ್ವಹಣಾ ಶುಲ್ಕ, ಸತ್ತವರ ಮೊಬೈಲಿಗೆ ಸಂದೇಶ ಕಳುಹಿಸಿದ ಶುಲ್ಕ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ನನ್ನ ಕಾಜಗಳೆಲ್ಲ ಎಲ್ಲಿಗೆ ಹೋದವು? “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು” ಎಂದರು ಶಾಖೆಯ ವ್ಯವಸ್ಥಾಪಕರು. ಕಾಲು ಮಡಚಿಯೇ ಮಲಗಿದ್ದೇವೆ ಸ್ವಾಮಿ. ಹಾಸಿಗೆಯನ್ನೇ ಎಳೆಯುತ್ತಿರುವವರು ಯಾರು?

ಹೋದ ತಿಂಗಳು ಅತ್ತೆಯೂ ನನ್ನ ತೋಳು ಹಿಡಿದು ಶಾಖೆಗೆ ಬಂದಿದ್ದರು. ಗುಮಾಸ್ತರು, “ಅಮ್ಮಾ, ಅದು ಸಿಸ್ಟಮ್ಮು ತಾನಾಗೇ ಕಟ್ ಮಾಡುತ್ತೆ. ನಮ್ ಕೈಲಿ ಏನೂ ಇಲ್ಲ” ಎಂದರು.

“ಅಲ್ಲಪ್ಪಾ, ಸತ್ತೋನಿಗೆ ಇನ್ನು ಯಾವ ಬಸ್ಸು ಗುದ್ದುತ್ತೆ?” ಎಂದರು ಅತ್ತೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಅತ್ತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ನನ್ ಮಗನ ವಿಷ್ಯಾನ ನಾನೇ ತಮಾಷೆ ಮಾಡ್ಬಿಟ್ನಲ್ಲೇ” ಎಂದರು. ಅವರನ್ನು ಎಬ್ಬಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇನ್ನೂ ತಡಮಾಡಿದರೆ ಬಲಗಣ್ಣು ಉಳಿಯುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಶಸ್ತ್ರಚಿಕಿತ್ಸೆಗೆ ಇಪ್ಪತ್ತು ಸಾವಿರ ಬೇಕು. ಅರವತ್ತು ಸಾವಿರ ಅವರದ್ದೇ ಹೆಸರಿನಲ್ಲಿದೆ. ಸಾಲ ಪೂರ್ತಿ ತೀರುವವರೆಗೆ ಅದರಲ್ಲಿ ಕಾಸೂ ಮುಟ್ಟುವಂತಿಲ್ಲವಂತೆ. ಸಾಲ ತೀರುವುದು ಯಾವಾಗ, ಸತ್ತವರ ವಿಮೆಯ ಅವಧಿ ಮುಗಿದ ಮೇಲೆಯೇ?

ನಾನು ಸಾಲ ಮನ್ನಾ ಕೇಳುತ್ತಿಲ್ಲ. ಮರಣ ಪ್ರಮಾಣಪತ್ರ ಕೊಟ್ಟ ಮೇಲೆ ಕಡಿದುಕೊಂಡ ಹದಿನೆಂಟು ಕಂತು, ಐದು ಸಾವಿರದ ನಾನೂರನ್ನು ಬಾಕಿಯಿಂದ ಇಳಿಸಿ. ಮೊದಲ ನಾಲ್ಕು ತಿಂಗಳದ್ದು ನನ್ನ ಸುಳ್ಳಿಗೆ ದಂಡವೆಂದು ಇಟ್ಟುಕೊಳ್ಳಿ. ಆಗ ಉಳಿಯುವ ಸಾಲಕ್ಕೆ ನಲವತ್ತು ಸಾವಿರದ ಭದ್ರತೆ ಧಾರಾಳವಾಯಿತು. ಮಿಕ್ಕ ಇಪ್ಪತ್ತು ಸಾವಿರವನ್ನು ಈ ತಿಂಗಳೊಳಗೆ ಅತ್ತೆಯ ಕೈಗೆ ಕೊಡಿ. ಸಾಲಕ್ಕೆ ಅವರು ಅಡವಿಟ್ಟದ್ದು ಹಣವನ್ನು, ಕಣ್ಣನ್ನಲ್ಲ.

ಇಂತಿ,
ಐದನೇ ತಾರೀಕು ಎರಡು ಸಾವಿರ ಹಿಡಿದು ಮತ್ತೆ ನಿಮ್ಮ ಸಾಲಿನಲ್ಲಿ ನಿಲ್ಲಲಿರುವ,
ರಟ್ಟು ಕಟ್ಟುವವರ ಹೆಂಡತಿ